20 ವರ್ಷ ಸಾರ್ವೆ ಕಟ್ಟಿದೋರಿಗೂ ಟ್ರೇನಿಂಗ್ ಬೇಕಾ? ಬೇಕಂದ್ರೆ ಯಾವ್ದು?

ಪೀಣ್ಯ_ಸಾರ್ವೆ
ಸೋಮವಾರ, ರಾತ್ರಿ 9:40

ಎಲ್ರಿಗೂ ನಮಸ್ಕಾರ. ನಾನು ಸ್ಕಾಫೋಲ್ಡಿಂಗ್ (ಸಾರ್ವೆ) ಸೂಪರ್‌ವೈಸರ್, ಬೆಂಗಳೂರಲ್ಲೇ 19 ವರ್ಷ ಆಯ್ತು. ಮೊದ್ಲು ಪೀಣ್ಯ ಕಡೆ ಫ್ಯಾಕ್ಟರಿ ಶೆಡ್‌ಗಳು, ಆಮೇಲೆ ಅಪಾರ್ಟ್‌ಮೆಂಟು, ಈಗ ದೇವನಹಳ್ಳಿ ಕಡೆ ಒಂದು ದೊಡ್ಡ ಸೈಟು. ಹೋದ ವಾರ ಆಗಿದ್ದು ಮನಸಲ್ಲಿ ಕೊರೀತಾ ಇದೆ, ಅದಕ್ಕೆ ಈ ಪೋಸ್ಟು.

ನಮ್ಮ ಗ್ಯಾಂಗಲ್ಲಿ ಒಬ್ರು ಹಿರಿಯರು ಇದಾರೆ, ನಾವೆಲ್ಲ ದೊಡ್ಡಣ್ಣ ಅಂತೀವಿ. ವಯಸ್ಸು 52. ಸರ್ವೆ ಮರಕ್ಕೆ ಹಗ್ಗ ಬಿಗಿಯೋ ಕಾಲದಿಂದ ಈ ಕೆಲಸದಲ್ಲಿರೋರು, ನಂಗೆ ಸ್ಪ್ಯಾನರ್ ಹಿಡಿಯೋದು ಕಲಿಸಿದ್ದೇ ಅವ್ರು. ಹೊಸ ಸೈಟಲ್ಲಿ ಗೇಟ್ ಪಾಸ್ ಮಾಡ್ಸೋಕೆ ಹೋದ್ರೆ, ಸ್ಕಾಫೋಲ್ಡರ್ ಸರ್ಟಿಫಿಕೇಟ್ ಇಲ್ದೋರು ಮೇಲೆ ಹತ್ತಂಗಿಲ್ಲ, ಹೊಸ ರೂಲ್ಸು ಅಂದ್ರು. ಸರಿ, ಟೆಸ್ಟ್ ಮಾಡಿ ನೋಡಿ ಅಂದೆ. ಟ್ಯಾಬ್ ಕೈಗೆ ಕೊಟ್ರು, 20 ಪ್ರಶ್ನೆ, ಹಿಂದಿ ಇಲ್ಲಾ ಇಂಗ್ಲಿಷು. ಮೊದಲನೇ ಪ್ರಶ್ನೆ ಪಿಪಿಇ (ಹೆಲ್ಮೆಟ್, ಬೆಲ್ಟ್ ಥರದ ರಕ್ಷಣೆ ಸಾಮಾನು) ಅಂದ್ರೆ ಪೂರ್ತಿ ಏನು ಅಂತ. ದೊಡ್ಡಣ್ಣ ಮೂರನೇ ಕ್ಲಾಸಿಗೆ ಸ್ಕೂಲ್ ಬಿಟ್ಟೋರು, ಕನ್ನಡಾನೇ ಕೂಡಿಸ್ಕೊಂಡು ಓದ್ತಾರೆ. ಟ್ಯಾಬ್ ಹಿಡ್ಕೊಂಡು ಐದು ನಿಮಿಷ ಹಂಗೇ ಕೂತಿದ್ರು, ಆಮೇಲೆ ಮೆಲ್ಲಗೆ ವಾಪಸ್ ಕೊಟ್ಬಿಟ್ರು. ಹೆಲ್ಪರ್ ಅಂತ ಪಾಸ್ ಮಾಡಿ ಕೆಳಗೆ ಪೈಪ್ ಜೋಡಿಸೋಕೆ ಹಾಕಿದಾರೆ.

ಈ ಮನುಷ್ಯ ಪೈಪ್ ಹೆಗಲಿಗೆ ಹಾಕ್ಕೊಂಡ್ರೆ ಸಾಕು, ಇದು ತೆಳು, ಇದನ್ನ ಕೆಳಗಡೆ ನಿಲ್ಲಿಸಬೇಡಿ ಅಂತ ಹೇಳ್ತಾರೆ. 6 ಮೀಟರ್ ಪೈಪು 4 ಮಿಲಿಮೀಟರ್ ದಪ್ಪ ಇದ್ರೆ 26 ಕೆಜಿ ಬರತ್ತೆ, 3.2 ಇದ್ರೆ 21ರ ಹತ್ರ. ಹೊರಗಡೆ ಅಳತೆ ಎರಡಕ್ಕೂ ಒಂದೇ, 48.3, ಕಣ್ಣಿಗೆ ಏನೂ ಗೊತ್ತಾಗಲ್ಲ. ಅವ್ರಿಗೆ ಹೆಗಲಿಗೆ ಗೊತ್ತಾಗತ್ತೆ. ಕಪ್‌ಲಾಕಲ್ಲಿ (ಕಂಬದ ಕಪ್ಪಿಗೆ ಅಡ್ಡ ಪೈಪ್ ಸಿಕ್ಕಿಸೋ ಸಾರ್ವೆ) ಮೇಲಿನ ಕಪ್ ಸುತ್ತಿಗೇಲಿ ಹೊಡೆದಾಗ ಠಣ್ ಅಂತಾ ಇದ್ಯಾ ಡಬ್ ಅಂತಾ ಇದ್ಯಾ ಕೇಳಿಸ್ಕೊಂಡು, ಸಾರ್ವೆಯ ಎರಡನೇ ಅಂತಸ್ತಲ್ಲಿ ಒಂದು ಲೆಡ್ಜರ್ (ಅಡ್ಡ ಪೈಪು) ಕೂತಿಲ್ಲ ಅಂತ ನೆಲದ ಮೇಲೆ ನಿಂತೇ ಹೇಳ್ತಾರೆ.

ಹಂಗಂತ ಅನುಭವ ಇದ್ರೆ ಟ್ರೇನಿಂಗ್ ಬೇಡ ಅಂತ ನಾನು ಹೇಳ್ತಿಲ್ಲ. ಬೇಕು ಅಂತಾನೇ ನಂಗೆ ಅನ್ಸತ್ತೆ, ಯಾಕೆ ಅಂತ ಆಮೇಲೆ ಬರೀತೀನಿ. ನನ್ನ ಪ್ರಶ್ನೆ ಏನಂದ್ರೆ ಇಂಥೋರಿಗೆ ಯಾವ ಟ್ರೇನಿಂಗ್, ಎಷ್ಟು ದಿನ, ಯಾರು ಪರೀಕ್ಷೆ ಮಾಡ್ಬೇಕು, ಹೆಂಗೆ ಮಾಡ್ಬೇಕು? ಕಾನೂನಲ್ಲಿ ನಿಜವಾಗ್ಲೂ ಏನಿದೆ? ಗೊತ್ತಿರೋರು ದಯವಿಟ್ಟು ಹೇಳಿ, ಮುಂದಿನ ವಾರದೊಳಗೆ ಏನಾದ್ರೂ ದಾರಿ ಮಾಡ್ಬೇಕು.

ಕೆಂಗೇರಿ_ಕಂಟ್ರಾಕ್ಟರ್
ಸೋಮವಾರ, ರಾತ್ರಿ 10:05

ಸರ್ ಅವ್ರ ಹತ್ರ ಲೇಬರ್ ಕಾರ್ಡ್ ಇಲ್ವಾ? ಮಂಡಳಿ ಕಾರ್ಡ್ ತೋರಿಸಿದ್ರೆ ಆಗಲ್ವಾ?

ಪೀಣ್ಯ_ಸಾರ್ವೆ
ಸೋಮವಾರ, ರಾತ್ರಿ 10:12

ಕಾರ್ಡ್ ಇದೆ ಅಣ್ಣ. ಅದು ಬೇರೆ. 18ರಿಂದ 60 ವರ್ಷದೊಳಗಿನೋರು, ಹಿಂದಿನ ಒಂದು ವರ್ಷದಲ್ಲಿ 90 ದಿನ ಕಟ್ಟಡ ಕೆಲಸ ಮಾಡಿದ್ರೆ ಕಲ್ಯಾಣ ಮಂಡಳೀಲಿ ನೋಂದಣಿ ಆಗತ್ತೆ, ಮಕ್ಕಳ ಓದಿಗೆ, ಆಸ್ಪತ್ರೆಗೆ, ಪೆನ್ಷನ್‌ಗೆ ಸಹಾಯ ಸಿಗತ್ತೆ. ಅದ್ರಲ್ಲಿ ಈ ಮನುಷ್ಯನಿಗೆ ಸಾರ್ವೆ ಕಟ್ಟೋಕೆ ಬರತ್ತಾ ಅಂತ ಯಾರೂ ನೋಡಿರಲ್ಲ. ತುಂಬಾ ಜನ ಎರಡೂ ಒಂದೇ ಅಂದ್ಕೊಂಡಿದಾರೆ.

ಸೇಫ್ಟಿ_ಮಂಡ್ಯ
ಸೋಮವಾರ, ರಾತ್ರಿ 10:50

ಸರ್, ನಾನು ಸೇಫ್ಟಿ ಆಫೀಸರ್, 8 ವರ್ಷದಿಂದ ವೈಟ್‌ಫೀಲ್ಡ್ ಸರ್ಜಾಪುರ ಕಡೆ ಸೈಟ್‌ಗಳಲ್ಲಿ. ನಿಮ್ಮ ಪೋಸ್ಟ್ ಓದಿ ತುಂಬಾ ಬೇಜಾರಾಯ್ತು, ಆ ಟ್ಯಾಬ್ ಕೊಡೋ ಜಾಗದಲ್ಲಿ ನಮ್ಮಂಥೋರೇ ಕೂತಿರ್ತೀವಿ.

ಕಾನೂನಿನ ಮಾತು ಮೊದ್ಲು ಹೇಳ್ತೀನಿ. 1996ರ ಕಟ್ಟಡ ಕಾರ್ಮಿಕರ ಕಾಯ್ದೆ, ಅದಕ್ಕೆ 1998ರ ಕೇಂದ್ರ ನಿಯಮ, ನಮ್ಮ ರಾಜ್ಯದ್ದು 2006ರ ನಿಯಮ. ಇದ್ರಲ್ಲಿ ಸ್ಕಾಫೋಲ್ಡಿಂಗ್‌ಗೆ ಅಂತಾನೇ ಒಂದು ಅಧ್ಯಾಯ ಇದೆ, ಕಟ್ಟೋದು ಬಿಚ್ಚೋದು ಬದಲಾಯಿಸೋದು ಎಲ್ಲಾ ಜವಾಬ್ದಾರಿ ಇರೋ ವ್ಯಕ್ತಿಯ ಮೇಲ್ವಿಚಾರಣೇಲಿ ಆಗ್ಬೇಕು ಅನ್ನತ್ತೆ. ಈಗ ಆ ಕಾಯ್ದೆ ಜಾಗಕ್ಕೆ 2020ರ ಓಎಸ್‌ಎಚ್ ಸಂಹಿತೆ (ಕೆಲಸದ ಸುರಕ್ಷತೆ, ಆರೋಗ್ಯದ ಕಾನೂನು) 2025ರ ನವೆಂಬರ್ 21ರಿಂದ ಜಾರಿಗೆ ಬಂದಿದೆ. ಕಟ್ಟೋ ಪದ್ಧತಿಗೆ ಐಎಸ್ 3696, ಪೈಪ್ ಸಾರ್ವೆಗೆ ಐಎಸ್ 4014, ಸಾಮಾನಿಗೆ ಐಎಸ್ 2750. ಆದ್ರೆ ಹಳೆ ನಿಯಮದಲ್ಲಿ ಒಬ್ಬ ಸ್ಕಾಫೋಲ್ಡರ್ ಇಂತಿಷ್ಟು ದಿನದ ಕೋರ್ಸ್ ಮಾಡಿ ಇಂಥಾ ಕಾರ್ಡ್ ಇಟ್ಕೊಂಡಿರ್ಬೇಕು ಅಂತ ಬರೆದಿಲ್ಲ. ನಿಮಗೆ ಗೇಟಲ್ಲಿ ಹೇಳಿದ್ದು ಕ್ಲೈಂಟ್ ರೂಲ್ಸು. ತಪ್ಪು ಅಂತಲ್ಲ, ಅವ್ರ ಸೈಟು, ಅವ್ರು ಜಾಸ್ತಿ ಕೇಳಬಹುದು. ಆದ್ರೆ ಕೇಳೋ ರೀತಿ ಸರಿ ಇರ್ಬೇಕು ಅಷ್ಟೇ.

ಇನ್ನೊಂದು. ಅಮೆರಿಕದ ಓಶಾ (ಅಲ್ಲಿ ಕೆಲಸದ ಸುರಕ್ಷತೆ ನೋಡೋ ಸರ್ಕಾರಿ ಸಂಸ್ಥೆ) ನಿಯಮದಲ್ಲಿ ಕಾಂಪಿಟೆಂಟ್ ಪರ್ಸನ್ ಅಂದ್ರೆ ಯಾರು ಅಂತ ಬರೆದಿದಾರೆ, ಅದು ನಂಗೆ ತುಂಬಾ ಇಷ್ಟ. ಅಪಾಯ ಗುರುತಿಸೋಕೆ ಗೊತ್ತಿರ್ಬೇಕು, ಜೊತೆಗೆ ಅದನ್ನ ತಕ್ಷಣ ಸರಿಪಡಿಸೋ ಅಧಿಕಾರ ಇರ್ಬೇಕು. ಎರಡೂ. ನಮ್ಮ ಸೈಟ್‌ಗಳಲ್ಲಿ ಗೊತ್ತಿರೋದು ದೊಡ್ಡಣ್ಣನಂಥೋರಿಗೆ, ಅಧಿಕಾರ ಇರೋದು ನನ್ನಂಥೋರಿಗೆ. ಸಾರ್ವೆ ಹತ್ತೋಕೆ ಸೇಫು ಅನ್ನೋ ಹಸಿರು ಟ್ಯಾಗ್ ಮೇಲೆ ಸೈನ್ ಹಾಕೋದು ನಾನು, ಆದ್ರೆ ಮೊದಲ ಎರಡು ವರ್ಷ ನಂಗೆ ಯಾವ ಕ್ಲಾಂಪ್ ಥ್ರೆಡ್ ಹೋಗಿದೆ ಅಂತ ನೋಡೋಕೆ ಬರ್ತಿರಲಿಲ್ಲ, ನಮ್ಮ ಮೇಸ್ತ್ರಿ ಒಬ್ರು ಜೊತೇಲಿ ಹತ್ತಿ ಒಂದೊಂದೇ ತೋರಿಸಿದ್ಮೇಲೆ ಕಲ್ತೆ.

ಸಿಂಧನೂರ_ಮಂದಿ
ಸೋಮವಾರ, ರಾತ್ರಿ 11:30

ಅಣ್ಣಾರ ನಮಸ್ಕಾರ ರೀ. ನಾನು ರಾಯಚೂರ ಜಿಲ್ಲಾದಾಂವ, ಬೆಂಗಳೂರಿಗೆ ಬಂದು ಏಳು ವರ್ಷ ಕಟ್ಟೀನಿ, ಆಮ್ಯಾಲ ಗಲ್ಫಿಗೆ ಹೋಗಿ ಐದು ವರ್ಷ ರಿಫೈನರಿ ಕೆಲಸ, ಈಗ ಮತ್ತ ಇಲ್ಲೇ ಅದೀನಿ. ನನ್ನ ಅನುಭವ ಹೇಳ್ತೀನಿ, ಸ್ವಲ್ಪ ಉದ್ದ ಆಗತೈತಿ, ಬ್ಯಾಸರ ಮಾಡ್ಕೋಬ್ಯಾಡ್ರಿ.

ಗಲ್ಫಿಗೆ ಹೋದ ಕೂಡ್ಲೆ ನಮ್ಮನ್ನ ಸೈಟಿಗೆ ಬಿಡ್ಲಿಲ್ಲ. ಏಳು ವರ್ಷದ ಅನುಭವ ಐತಿ ಅಂದ್ರೂ ಬಿಡ್ಲಿಲ್ಲ. ಟ್ರೇನಿಂಗ್ ಯಾರ್ಡಿಗೆ ಕರ್ಕೊಂಡು ಹೋದ್ರು. ನನಗ ಸಿಟ್ಟು ಬಂದಿತ್ತು, ನಾನೇನು ಹೊಸಬಾ ಅಂತ. ಅಲ್ಲಿ ಒಬ್ಬ ಮಲಯಾಳಿ ಟ್ರೇನರು, ಅಂವಾ ಮೊದಲನೇ ದಿನ ಪುಸ್ತಕ ತಗೀಲೇ ಇಲ್ಲ. 4 ಮೀಟರ್ ಎತ್ತರಕ ಪ್ಲಾಟ್‌ಫಾರಂ ಕಟ್ರಿ ಅಂದ, ಕಟ್ಟಿದ್ವಿ. ಬೆಲ್ಟ್ ಹಾಕ್ಕೊಂಡು ಹುಕ್ ಹಾಕ್ರಿ ಅಂದ, ನಾವು ದಿನಾ ಹಾಕ್ದಂಗ ಕಾಲ ಬುಡದಾಗಿನ ಪೈಪಿಗೆ ಹಾಕಿದ್ವಿ. ಸರಿ ಇಳೀರಿ ಅಂದ. ಮನುಷ್ಯಾನಷ್ಟ ಎತ್ತರದ ಗೊಂಬಿ ತಂದ, ಒಳಗ ಉಸುಕು ತುಂಬಿತ್ತು, 80 ಕೆಜಿ. ಅದಕ್ಕ ನಮ್ಮದ ಬೆಲ್ಟ್ ಹಾಕಿ, ಅದ ಪೈಪಿಗೆ ಹುಕ್ ಹಾಕಿ, ಮ್ಯಾಲಿಂದ ದಬ್ಬಿದ.

ಕಾಲು ಮೊದಲು ನೆಲಕ್ಕ ಬಡದು ಮಡಚ್ಕೊಂತು, ಆಮ್ಯಾಲ ಹಗ್ಗ ಪೂರ್ತಿ ಬಿಗೀತು.

ಯಾರೂ ಮಾತಾಡ್ಲಿಲ್ಲ ರೀ. ಏಳು ವರ್ಷ ಹಂಗ ಹುಕ್ ಹಾಕ್ಕೊಂಡು ನಾನು ಸೇಫ್ ಅದೀನಿ ಅಂತ ತಿಳ್ಕೊಂಡಿದ್ದೆ. ಅಂವಾ ಲೆಕ್ಕಾ ಬರ್ದು ತೋರಿಸಿದ, ಲ್ಯಾನ್‌ಯಾರ್ಡ್ (ಬೆಲ್ಟಿನಿಂದ ಹುಕ್ಕಿನ ತನಕದ ಹಗ್ಗ) 1.8 ಮೀಟರ್, ಜಗ್ಗು ತಡಿಯೋ ಶಾಕ್ ಅಬ್ಸಾರ್ಬರ್ ಹರ್ಕೊಂಡು ಬಿಚ್ಕೊಂಡ್ರ ಇನ್ನೊಂದು 1.75ರ ತನಕ, ಬೆನ್ನಿನ ರಿಂಗಿನಿಂದ ಪಾದದ ತನಕ ಒಂದೂವರಿ, ಕೆಳಗ ಒಂದು ಮೀಟರ್ ಖಾಲಿ ಬೇಕು. ಕೂಡಿಸ್ರಿ, 6 ಮೀಟರ್. ಹುಕ್ ಹಾಕಿದ ಜಾಗದ ಕೆಳಗ ಅಷ್ಟು ಜಾಗ ಇಲ್ಲಂದ್ರ ಬೆಲ್ಟ್ ಇದ್ದೂ ಇಲ್ದಂಗ. ತಲಿ ಮ್ಯಾಲ ಹುಕ್ ಹಾಕಿದ್ರ ಬೀಳೋದ ಕಡಿಮಿ ಆಗತೈತಿ. ಇದನ್ನ ಅನುಭವ ಕಲಸಂಗಿಲ್ಲ ರೀ, ಯಾಕಂದ್ರ ಒಮ್ಮಿ ಬಿದ್ದಾಂವ ಬಂದು ನಮಗ ಹೇಳಂಗಿಲ್ಲ.

ಪೀಣ್ಯ_ಸಾರ್ವೆ
ಮಂಗಳವಾರ, ಬೆಳಗ್ಗೆ 6:20

ಅಣ್ಣ, ಇದನ್ನ ರಾತ್ರಿ ಓದಿ ನಿದ್ದೆ ಬರ್ಲಿಲ್ಲ. ನಾವೂ ಕಾಲ ಹತ್ರಾನೇ ಹಾಕೋದು. ಇವತ್ತು ಟೂಲ್‌ಬಾಕ್ಸ್ ಟಾಕಲ್ಲಿ (ಕೆಲಸಕ್ಕೆ ಮುಂಚೆ ಸೇರಿ ಮಾತಾಡೋದು) ಇದೇ ಹೇಳ್ತೀನಿ.

ಟ್ರೇನಿಂಗ್ ಬೇಕು ಅಂತ ಯಾಕೆ ಅಂದೆ ಅಂತ ಈಗ ಬರೀತೀನಿ. ಆರೇಳು ವರ್ಷದ ಹಿಂದೆ, ಹೆಣ್ಣೂರು ಕಡೆ ಒಂದು ಸೈಟು, ಒಂಬತ್ತು ಫ್ಲೋರು, ಹೊರಗಡೆ ಪ್ಲಾಸ್ಟರಿಂಗ್‌ಗೆ ಸಾರ್ವೆ. ಕಟ್ಟಿದ್ದು ನಾನು ಮತ್ತೆ ದೊಡ್ಡಣ್ಣ. ಒಂದು ಫ್ಲೋರ್ ಬಿಟ್ಟು ಒಂದು ಫ್ಲೋರಿಗೆ ಟೈ (ಸಾರ್ವೇನ ಗೋಡೆಗೆ ಹಿಡಿಸೋ ಕಟ್ಟು) ಕೊಟ್ಟಿದ್ವಿ, ಯಾವಾಗ್ಲೂ ಹಂಗೇ ಕೊಡ್ತಿದ್ದಿದ್ದು, ಯಾವತ್ತೂ ಏನೂ ಆಗಿರ್ಲಿಲ್ಲ. ಒಪ್ಪಿಸಿ ಹೋದ್ಮೇಲೆ ಧೂಳು ಬೀಳತ್ತೆ ಅಂತ ಪಕ್ಕದ ಮನೆಯೋರು ಗಲಾಟೆ ಮಾಡಿದಾರೆ, ಸೈಟ್‌ನೋರು ಪೂರ್ತಿ ಹಸಿರು ಜಾಲಿ (ಧೂಳು ತಡೆಯೋ ಬಲೆ) ಕಟ್ಸಿದಾರೆ. ಪ್ಲಾಸ್ಟರ್ ಮಾಡೋರಿಗೆ ಟೈ ಅಡ್ಡ ಬರತ್ತೆ ಅಂತ ನಾಲ್ಕೈದು ಬಿಚ್ಚಿದಾರೆ. ನಮಗೆ ಯಾರೂ ಹೇಳ್ಲಿಲ್ಲ. ಏಪ್ರಿಲ್ ಕೊನೆ, ಭರಣಿ ಮಳೆ ಶುರು ಆಗೋ ಹೊತ್ತು, ಸಂಜೆ ಐದಕ್ಕೆ ಗಾಳಿ ಎದ್ದಿದೆ. ಫೋನ್ ಬಂತು, ಓಡಿ ಹೋಗಿ ನೋಡಿದ್ರೆ ಆರನೇ ಫ್ಲೋರ್ ಹತ್ರ ಸಾರ್ವೆ ಗೋಡೆ ಬಿಟ್ಟು ಒಂದಡಿ ಹೊರಗೆ ಹೊಟ್ಟೆ ಬಿಟ್ಟಿದೆ, ಜಾಲಿ ಹಡಗಿನ ಪಟದ ಥರ ಉಬ್ಕೊಂಡಿದೆ. ದೊಡ್ಡಣ್ಣ ಒಳಗಡೆಯಿಂದ ಬಾಲ್ಕನಿಗೆ ಹೋಗಿ ಚಾಕು ತಗೊಂಡು ಜಾಲಿ ಸೀಳಿದ್ರು, ಗಾಳಿ ಹೊರಗೆ ಹೋಗಿ ನಿಧಾನಕ್ಕೆ ವಾಪಸ್ ಕೂತ್ಕೊಂತು. ಕೆಲ್ಸದೋರೆಲ್ಲ ಟೀಗೆ ಇಳಿದಿದ್ರು, ಅದೊಂದೇ ಪುಣ್ಯ.

ಜಾಲಿ ಕಟ್ಟಿದ್ರೆ ಗಾಳಿ ಹೊಡೆತ ಎಷ್ಟು ಜಾಸ್ತಿ ಆಗತ್ತೆ, ಅದಕ್ಕೆ ಟೈ ಎಷ್ಟು ಜಾಸ್ತಿ ಬೇಕು ಅಂತ ನಮ್ಮಿಬ್ರಿಗೂ ಗೊತ್ತಿರ್ಲಿಲ್ಲ. ಮೂವತ್ತು ವರ್ಷದ ಅನುಭವ ಜಾಲಿ ಇಲ್ಲದ ಸಾರ್ವೆದು. ಅವತ್ತಿಂದ ನಂಗೆ ಅನ್ಸಿದ್ದು, ನಮಗೆ ಗೊತ್ತಿಲ್ಲದ್ದನ್ನ ಯಾರಾದ್ರೂ ಕೂರಿಸ್ಕೊಂಡು ಹೇಳ್ಬೇಕು, ನಮಗೆ ಗೊತ್ತಿರೋದನ್ನ ಯಾರಾದ್ರೂ ಕೇಳಿಸ್ಕೋಬೇಕು.

ಗಾರೆ_ಕೆಲಸ_ಕನಕಪುರ
ಮಂಗಳವಾರ, ಬೆಳಗ್ಗೆ 7:05

ಟೈ ಬಿಚ್ಚೋದು ನಮ್ಮೋರೇ, ಒಪ್ಕೋತೀನಿ. ಪ್ಲಾಸ್ಟರ್‌ಗೆ ಅಡ್ಡ ಬಂದ್ರೆ ಬಿಚ್ತೀವಿ, ವಾಪಸ್ ಹಾಕೋದು ಮರ್ತೋಗ್ತೀವಿ. ನಮಗೂ ಯಾರೂ ಹೇಳಿಲ್ಲ ಅದು ಏನಕ್ಕೆ ಇದೆ ಅಂತ. ಸಾರ್ವೆ ಕಟ್ಟೋರಿಗೆ ಮಾತ್ರ ಅಲ್ಲ, ಮೇಲೆ ನಿಲ್ಲೋರಿಗೂ ಒಂದರ್ಧ ದಿನ ಹೇಳಿಕೊಡಿ.

ಸೇಫ್ಟಿ_ಮಂಡ್ಯ
ಮಂಗಳವಾರ, ಬೆಳಗ್ಗೆ 7:40

ಅಣ್ಣ ನೀವು ಹೇಳಿದ್ದು ನೂರಕ್ಕೆ ನೂರು ಸರಿ. ಬ್ಲಾಕ್ ಜೋಡಿಸೋದೂ ಅಷ್ಟೇ. ನಮ್ಮ ಸೈಟಲ್ಲಿ ಡಿಸೈನ್ ಚದರ ಮೀಟರಿಗೆ 200 ಕೆಜಿ. ಎರಡೂವರೆ ಮೀಟರ್ ಉದ್ದ 1.2 ಅಗಲದ ಬೇ (ಕಂಬಗಳ ನಡುವಿನ ಒಂದು ಅಂಕಣ) ಅಂದ್ರೆ 3 ಚದರ ಮೀಟರ್, 600 ಕೆಜಿ. ಇಬ್ಬರು ಆಳು, ಎರಡು ಬಾಂಡ್ಲಿ ಗಾರೆ, ಅದು ಇದು ಸೇರಿ 200 ಹೋಯ್ತು. ಆರಿಂಚಿನ ಸಾಲಿಡ್ ಬ್ಲಾಕ್ ಒಂದೊಂದು 22ರಿಂದ 24 ಕೆಜಿ. ಹದಿನಾರು ಬ್ಲಾಕಿಗೆ ಮುಗೀತು. ನಾನು ಒಂದ್ಸಲ ಎಣಿಸಿದಾಗ ಒಂದೇ ಬೇಯಲ್ಲಿ 45 ಬ್ಲಾಕ್ ಇತ್ತು. ಈಗ ಹಲಗೆ ಪಕ್ಕದಲ್ಲಿ ಬಣ್ಣದಲ್ಲಿ 16 ಅಂತ ಬರೆಸಿದೀನಿ, ಕೆಜಿ ಲೆಕ್ಕ ಯಾರೂ ಓದಲ್ಲ, ಬ್ಲಾಕ್ ಲೆಕ್ಕ ಎಲ್ರಿಗೂ ಅರ್ಥ ಆಗತ್ತೆ.

ಕೋಲಾರ_ಕಪ್‌ಲಾಕ್
ಮಂಗಳವಾರ, ಮಧ್ಯಾಹ್ನ 1:15

ಊಟದ ಬ್ರೇಕಲ್ಲಿ ಬರೀತಿದೀನಿ. ನಾನು ಕಾರ್ಡ್ ತೋರಿಸಿ ಗೇಟಲ್ಲಿ ಪಾಸಾಗೋ ಹುಡುಗರ ಥರದೋನೇ. 23 ವರ್ಷ, ಐಟಿಐ ಅರ್ಧಕ್ಕೆ ಬಿಟ್ಟು ಸ್ಕಾಫೋಲ್ಡರ್ ಕೋರ್ಸ್ ಮಾಡಿದೆ, ಸರ್ಕಾರದ ಸ್ಕಿಲ್ ಸರ್ಟಿಫಿಕೇಟ್ ಇದೆ. ಕೋರ್ಸಲ್ಲಿ ಕಪ್‌ಲಾಕ್ ಕಟ್ಟೋದು, ಡ್ರಾಯಿಂಗ್ ಓದೋದು, ಟ್ಯಾಗ್ ಎಲ್ಲಾ ಹೇಳಿಕೊಟ್ರು, ಚೆನ್ನಾಗೇ ಇತ್ತು. ಆದ್ರೆ ಯಾರ್ಡ್ ನೆಲ ಕಾಂಕ್ರೀಟು, ಸಮತಟ್ಟು. ಮೊದಲನೇ ಸೈಟಿಗೆ ಹೋದಾಗ ಫೌಂಡೇಶನ್ ಪಕ್ಕ ಆಗ ತಾನೇ ಮಣ್ಣು ತುಂಬಿದ ಜಾಗದಲ್ಲಿ ಬೇಸ್ ಜಾಕ್ (ಕಂಬದ ಬುಡಕ್ಕಿಡೋ ಎತ್ತರ ಹೊಂದಿಸೋ ಸ್ಕ್ರೂ) ಇಟ್ಟೆ, ಲೆವೆಲ್ ನೋಡಿದೆ, ಸರಿ ಇತ್ತು. ನಮ್ಮ ಮೇಸ್ತ್ರಿ ಬಂದು ಹಿಮ್ಮಡೀಲಿ ಜೋರಾಗಿ ಒಂದು ಕುಟ್ಟಿದ್ರು ಪಕ್ಕದಲ್ಲಿ, ನೆಲ ಒಳಗೆ ಹೋಯ್ತು. ರಾತ್ರಿ ಮಳೆ ಬಂದ್ರೆ ನಿನ್ನ ಲೆವೆಲ್ ಎಲ್ಲಿರತ್ತೆ ನೋಡು ಅಂದ್ರು. ಎಲ್ಲಾ ಬಿಚ್ಚಿ, ದಮ್ಮಸ್ಸು ಹೊಡ್ಸಿ, ದಪ್ಪ ಹಲಗೆ ಹಾಕಿ ಮತ್ತೆ ಶುರು ಮಾಡಿದ್ವಿ.

ಅದಕ್ಕೆ ನಂಗೆ ಅನ್ಸೋದು, ಕಾರ್ಡ್ ಇರೋ ನಮ್ಮಂಥೋರ್ನ ಹಿರಿಯರ ಕೈಕೆಳಗೆ ಇಷ್ಟು ತಿಂಗಳು ಅಂತ ಕಡ್ಡಾಯ ಹಾಕ್ಬೇಕು. ಅವ್ರನ್ನ ಕೆಳಗಿಳಿಸಿ ನಮ್ಮನ್ನ ಮೇಲೆ ಹತ್ತಿಸಿದ್ರೆ ನಮಗೇ ಭಯ ಆಗತ್ತೆ.

ಕೆಂಗೇರಿ_ಕಂಟ್ರಾಕ್ಟರ್
ಮಂಗಳವಾರ, ರಾತ್ರಿ 8:30

ಎಲ್ಲಾ ಓದ್ದೆ. ನಂದು ಚಿಕ್ಕ ಕೆಲ್ಸ ಸರ್, 30x40 ಅಡಿ ಸೈಟು, ಮೇಲೆ ಎರಡು ಮೂರು ಫ್ಲೋರು. ನಾಲ್ಕು ಜನ ಸಾರ್ವೆ ಕಟ್ಟೋರು, ಎಲ್ರೂ ಹದಿನೈದು ವರ್ಷ ಮೇಲೆ. ಅವ್ರನ್ನ ಎರಡು ದಿನ ಟ್ರೇನಿಂಗ್ ಕಳಿಸಿದ್ರೆ ನಂಗೆ ಕೆಲ್ಸ ನಿಲ್ಲತ್ತೆ, ಅವ್ರಿಗೆ ಕೂಲಿ ಹೋಗತ್ತೆ, ಮುಗಿಸ್ಕೊಂಡು ಬಂದ್ಮೇಲೆ ಸರ್ಟಿಫಿಕೇಟ್ ಇದೆ ಅಂತ ದೊಡ್ಡ ಕಂಪನಿಗೆ ಹೋಗ್ಬಿಡ್ತಾರೆ. ನಾನು ಕೆಟ್ಟೋನಲ್ಲ, ಕಷ್ಟ ಹೇಳ್ತಾ ಇದೀನಿ. ಇಲ್ಲಿ ಇನ್ನೂ ಮರದ ಸಾರ್ವೆ ನಡೀತದೆ, ಅದಕ್ಕೂ ಸರ್ಟಿಫಿಕೇಟ್ ಇದ್ಯಾ?

ಸಿಂಧನೂರ_ಮಂದಿ
ಮಂಗಳವಾರ, ರಾತ್ರಿ 9:10

ಅಣ್ಣಾರ, ಕೂಲಿ ಕೊಟ್ಟು ಕಳಸ್ರಿ. ಎರಡು ದಿನದ ಕೂಲಿ ಕೊಡಲಿಲ್ಲಂದ್ರ ಅಂವಾ ಟ್ರೇನಿಂಗಿಗೆ ಬರಂಗಿಲ್ಲ, ಅಂವನ ಮನ್ಯಾಗ ಲೆಕ್ಕಾ ವಾರದ ಕೂಲಿ ಮ್ಯಾಲ ನಡೀತಿರತೈತಿ. ಬಿಟ್ಟು ಹೋಗೋದು ಸರ್ಟಿಫಿಕೇಟಿನಿಂದ ಅಲ್ರೀ, ವಾರದ ಬಟವಾಡಿ ಟೈಮಿಗೆ ಕೊಟ್ರ ಯಾರೂ ಹೋಗಂಗಿಲ್ಲ. ನಾನೂ ಗಲ್ಫಿನಿಂದ ಬಂದು ಒಬ್ಬರ ಹತ್ರಾನೇ ನಾಲ್ಕು ವರ್ಷ ಆತು ಅದೀನಿ.

ಟ್ರೇನರ್_ಯಲಹಂಕ
ಬುಧವಾರ, ರಾತ್ರಿ 8:00

ತಡವಾಗಿ ನೋಡಿದೆ. ನಾನು ಹನ್ನೊಂದು ವರ್ಷ ಸೈಟಲ್ಲಿ ಸ್ಕಾಫೋಲ್ಡರ್ ಆಗಿದ್ದೆ, ಆಮೇಲೆ ಟ್ರೇನಿಂಗ್ ಕಡೆ ಬಂದೆ. ಪೀಣ್ಯದ ಅಣ್ಣನ ಪ್ರಶ್ನೆಗೆ ನೇರವಾಗಿ ಉತ್ತರ ಹೇಳ್ತೀನಿ.

ದೊಡ್ಡಣ್ಣನಂಥೋರಿಗೆ ಮೊದಲಿಂದ ಕೋರ್ಸ್ ಮಾಡಿಸೋದು ತಪ್ಪು. ಅವ್ರಿಗೆ ಆರ್‌ಪಿಎಲ್ ಅಂತ ಇದೆ, ಹಿಂದಿನ ಕಲಿಕೆಗೆ ಮಾನ್ಯತೆ ಕೊಡೋದು. ಕೇಂದ್ರದ ಕೌಶಲ ವಿಕಾಸ ಯೋಜನೆಯಲ್ಲಿ ಬಂತು, ಕಟ್ಟಡ ಕೆಲ್ಸಕ್ಕೆ ಸಂಬಂಧಪಟ್ಟ ಸ್ಕಿಲ್ ಕೌನ್ಸಿಲ್ ಇದೆ, ಸ್ಕಾಫೋಲ್ಡರ್ ಕೆಲ್ಸಕ್ಕೂ ಮಟ್ಟ ಗೊತ್ತು ಮಾಡಿದಾರೆ, ಸಾಂಪ್ರದಾಯಿಕ ಸಾರ್ವೆ ಬೇರೆ ಸಿಸ್ಟಮ್ ಸಾರ್ವೆ ಬೇರೆ. ಸ್ವಲ್ಪ ಗಂಟೆ ಓರಿಯೆಂಟೇಶನ್, ಆಮೇಲೆ ಅಸೆಸ್‌ಮೆಂಟು. ಸೈಟಲ್ಲೇ ಕ್ಯಾಂಪ್ ಮಾಡಿಸಬಹುದು, ಒಬ್ಬೊಬ್ರನ್ನೇ ಕಳಿಸೋದಕ್ಕಿಂತ ನಾಲ್ಕೈದು ಗ್ಯಾಂಗ್ ಸೇರ್ಕೊಂಡು ಕೇಳಿ, ಕೆಂಗೇರಿ ಅಣ್ಣನಿಗೂ ಇದೇ ದಾರಿ. ಮುಖ್ಯವಾಗಿ ಅಸೆಸರ್ ಬರೋ ಮುಂಚೇನೇ ಹೇಳಿಬಿಡಿ, ನಮ್ಮೋರಿಗೆ ಕನ್ನಡದಲ್ಲಿ ಬಾಯಿ ಮಾತಲ್ಲಿ ಕೇಳ್ಬೇಕು, ಪ್ರಾಕ್ಟಿಕಲ್ ಪೂರ್ತಿ ನೋಡ್ಬೇಕು ಅಂತ. ಕೇಳದೇ ಇದ್ರೆ ಟ್ಯಾಬೇ ಬರತ್ತೆ.

ಆದ್ರೆ ಆರ್‌ಪಿಎಲ್ ಮುಗಿದ್ರೆ ಎಲ್ಲಾ ಮುಗೀತು ಅಂದ್ಕೋಬೇಡಿ. ಅದು ನಿಮಗೆ ಈಗ ಏನು ಬರತ್ತೆ ಅಂತ ಹೇಳತ್ತೆ, ಬರದೇ ಇರೋದನ್ನ ಕಲಿಸಲ್ಲ. ಬ್ರಿಟನ್‌ನಲ್ಲಿ ಸಿಐಎಸ್‌ಆರ್‌ಎಸ್ ಅಂತ ಕಾರ್ಡ್ ಪದ್ಧತಿ ಇದೆ, ಹೊಸಬರಿಗೆ ಭಾಗ ಒಂದು, ಸೈಟಲ್ಲಿ ಕೆಲ್ಸ, ಭಾಗ ಎರಡು, ಮತ್ತೆ ಸೈಟಲ್ಲಿ ಮಾಡಿದ ಕೆಲ್ಸದ ಪುರಾವೆ, ಕೊನೇಲಿ ಒಂದು ದಿನದ ಕೈಕೆಲ್ಸದ ಪರೀಕ್ಷೆ. ಕಾರ್ಡ್ 5 ವರ್ಷಕ್ಕೆ ಮುಗಿಯತ್ತೆ. 2018ರಿಂದ ಅಲ್ಲಿ ಎಷ್ಟೇ ಹಳಬರಾದ್ರೂ ರಿನ್ಯೂ ಮಾಡ್ಸೋ ಮುಂಚೆ 2 ದಿನ ಕೂತು ಹೊಸದನ್ನ ಕಲೀಬೇಕು ಅಂತ ಮಾಡಿದ್ರು. ಆಸ್ಟ್ರೇಲಿಯಾದಲ್ಲಿ 4 ಮೀಟರಿಗಿಂತ ಜಾಸ್ತಿ ಬೀಳೋ ಸಾಧ್ಯತೆ ಇರೋ ಸಾರ್ವೆ ಕಟ್ಟೋಕೆ ಲೈಸೆನ್ಸೇ ಬೇಕು, ಮೂರು ಹಂತ, ಅದೂ 5 ವರ್ಷ. ಓಶಾದಲ್ಲಿ ಸಾರ್ವೆ ಮಾದರಿ ಬದಲಾದ್ರೆ, ಅಥವಾ ಈ ಮನುಷ್ಯನಿಗೆ ಮರ್ತೋಗಿದೆ ಅನ್ಸಿದ್ರೆ ಮಾಲೀಕ ಮತ್ತೆ ಟ್ರೇನಿಂಗ್ ಕೊಡ್ಬೇಕು. ಮೂರು ಕಡೆನೂ ಅನುಭವಸ್ಥರಿಗೆ ಅವಮಾನ ಮಾಡೋಕೆ ಅಲ್ಲ ಇದು. ನೋಡಿ, ಇಪ್ಪತ್ತು ವರ್ಷ ಕಪ್‌ಲಾಕ್ ಕಟ್ಟಿದೋರಿಗೆ ಏಕ್‌ದಮ್ ರಿಂಗ್‌ಲಾಕ್ ಬಂದಿದೆ, ಕಪ್ ಜಾಗದಲ್ಲಿ ತೂತಿನ ಬಿಲ್ಲೆ, ಬೆಣೆ ಹೊಡೀಬೇಕು, ಎರಡರದ್ದೂ ಅರ್ಧ ಮೀಟರ್ ಅಂತರ ಅಂತ ಒಂದೇ ಥರ ಅಂದ್ಕೊಂಡು ಬೆಣೆ ಕೈಯಲ್ಲೇ ಒತ್ತಿ ಬಿಟ್ಟಿರೋದು ನಾನೇ ನೋಡಿದೀನಿ. ಹಳೇ ಕೈ ಹಳೇ ಸಾಮಾನಿನ ಅಭ್ಯಾಸದಲ್ಲೇ ಹೋಗತ್ತೆ.

ನಾನು ಅನುಭವಸ್ಥರ ಬ್ಯಾಚ್‌ಗೆ ಹೆಂಗೆ ಮಾಡ್ತೀನಿ ಅಂದ್ರೆ, ಮೊದಲು ಅರ್ಧ ದಿನ ನಾನು ಏನೂ ಹೇಳಲ್ಲ. ನಲವತ್ತು ಸಾಮಾನು ಗುಡ್ಡೆ ಹಾಕ್ತೀನಿ, ಅದ್ರಲ್ಲಿ ಬೇಕಂತಲೇ ಕೆಟ್ಟದ್ದು ಸೇರಿಸಿರ್ತೀನಿ, ಸೊಟ್ಟ ಪೈಪು, ಸೀಳಿದ ಕಪ್ಪು, ಥ್ರೆಡ್ ಹೋದ ಕ್ಲಾಂಪು, ಒಳಗೆ ತುಕ್ಕು ತಿಂದ ಪೈಪು. ಆರಿಸಿ ಅಂತೀನಿ. ಆಮೇಲೆ ಇಳಿಜಾರು ನೆಲದಲ್ಲಿ ಒಂದು ಬೇ ಕಟ್ಟಿ ಅಂತೀನಿ. ಅಲ್ಲಿಗೆ ಅವ್ರ ಕೈ ಎಂಥದ್ದು ಅಂತ ನಂಗೆ ಗೊತ್ತಾಗತ್ತೆ. ಉಳಿದ ಒಂದೂವರೆ ದಿನ ಅವ್ರಿಗೆ ಬರದೇ ಇರೋದು ಮಾತ್ರ. ಭಾರದ ಲೆಕ್ಕ, ಟೈ ಮತ್ತೆ ಜಾಲಿ, ಹುಕ್ ಎಲ್ಲಿ, ಬಿದ್ದು ಬೆಲ್ಟಲ್ಲಿ ನೇತಾಡ್ತಿರೋನ್ನ ಇಳಿಸೋದು.

ಈ ಕೊನೇದು ನಮ್ಮ ಸೈಟ್‌ಗಳಲ್ಲಿ ಸೊನ್ನೆ. ನೇತಾಡ್ತಾ ಇದ್ರೆ ತೊಡೆ ಹತ್ರ ಬೆಲ್ಟ್ ಬಿಗಿದು ರಕ್ತ ಕಾಲಲ್ಲೇ ನಿಲ್ಲತ್ತೆ, ಸ್ವಲ್ಪ ಹೊತ್ತಿಗೇ ಪ್ರಜ್ಞೆ ತಪ್ಪಬಹುದು. 108ಕ್ಕೆ ಫೋನ್ ಮಾಡ್ಬೇಕು, ಸರಿ, ಆದ್ರೆ ಅವ್ರು ಬಂದ್ರೂ ಮೇಲೆ ಹತ್ತೋರು ಯಾರು? ಗ್ಯಾಂಗಲ್ಲೇ ಇಬ್ರಿಗೆ ಇಳಿಸೋಕೆ ಬರ್ಬೇಕು, ಹಗ್ಗ ರಾಟೆ ಸೈಟಲ್ಲೇ ಇರ್ಬೇಕು.

ಸೇಫ್ಟಿ_ಮಂಡ್ಯ
ಬುಧವಾರ, ರಾತ್ರಿ 8:45

ಸರ್ ಒಂದು ಸೇರಿಸ್ತೀನಿ. ಚೆನ್ನಾಗಿ ಕಟ್ಟೋನು ಚೆನ್ನಾಗಿ ತಪಾಸಣೆ ಮಾಡ್ತಾನೆ ಅಂತ ಹೇಳೋಕಾಗಲ್ಲ, ತಾನು ಕಟ್ಟಿದ್ದರಲ್ಲಿ ತಪ್ಪು ಹುಡುಕೋದು ಯಾರಿಗಾದ್ರೂ ಕಷ್ಟ. ಬ್ರಿಟನ್‌ನಲ್ಲಿ 7 ದಿನಕ್ಕೊಂದ್ಸಲ ಸಾರ್ವೆ ನೋಡಿ ಬರೀಬೇಕು, ಜೋರು ಗಾಳಿಮಳೆ ಆದ್ಮೇಲೂ ನೋಡ್ಬೇಕು, ಓಶಾದಲ್ಲಿ ಪ್ರತಿ ಶಿಫ್ಟ್ ಶುರು ಆಗೋ ಮುಂಚೆ. ನಮ್ಮಲ್ಲಿ ಹಿರಿಯರಿಗೆ ಈ ತಪಾಸಣೆ ಟ್ರೇನಿಂಗ್ ಬೇರೆಯಾಗೇ ಕೊಡ್ಬೇಕು. 50 ದಾಟಿದೋರಿಗೆ ದಿನವಿಡೀ ಪೈಪ್ ಹೊರೋದು ಕಷ್ಟ, ಎತ್ತರದಲ್ಲಿ ಕೆಲಸ ಮಾಡೋ ಹೈಟ್ ಪಾಸ್‌ಗೆ ಬಿಪಿ ನೋಡಿದಾಗ ತುಂಬಾ ಜನ ವಾಪಸ್ ಹೋಗ್ತಾರೆ. ಅಂಥೋರು ಇನ್ನೊಂದು ಗ್ಯಾಂಗ್ ಕಟ್ಟಿದ್ದನ್ನ ನೋಡಿ, ಹತ್ತಬೇಡಿ ಅನ್ನೋ ಕೆಂಪು ಟ್ಯಾಗ್ ಹಾಕೋ ಹಂಗಾದ್ರೆ ಅವ್ರ ಕಣ್ಣು ಕಿವಿ ವ್ಯರ್ಥ ಆಗಲ್ಲ. ಕೆಂಪು ಟ್ಯಾಗ್ ಹಾಕಿದ್ಮೇಲೆ ಪ್ರಾಜೆಕ್ಟ್ ಮ್ಯಾನೇಜರ್ ಬಂದು ತೆಗಿ ಅಂದ್ರೂ ತೆಗೀದೆ ಇರೋ ಅಧಿಕಾರ ಕಾಗದದ ಮೇಲೆ ಬರೆದು ಕೊಡ್ಬೇಕು. ನಾನು ನಮ್ಮ ಸೈಟಲ್ಲಿ ಇಬ್ಬರಿಗೆ ಹಂಗೆ ಲೆಟರ್ ಮಾಡಿಸಿಕೊಟ್ಟಿದೀನಿ.

ಪೀಣ್ಯ_ಸಾರ್ವೆ
ಬುಧವಾರ, ರಾತ್ರಿ 9:30

ಮೇಡಂ, ಆ ಲೆಟರ್‌ನಲ್ಲಿ ಏನೇನು ಬರೆದಿದೀರಿ ಅಂತ ಹೇಳ್ತೀರಾ? ಕನ್ನಡದಲ್ಲೇ ಬರೆಸ್ಕೊಂಡು ಹೋಗ್ತೀನಿ.

ಸೇಫ್ಟಿ_ಮಂಡ್ಯ
ಬುಧವಾರ, ರಾತ್ರಿ 9:42

ನಾಲ್ಕೇ ಸಾಲು ಸರ್. ಇವ್ರು ಯಾವ ಬ್ಲಾಕಿನ ಸಾರ್ವೆ ನೋಡ್ತಾರೆ, ಇವ್ರು ನಿಲ್ಲಿಸು ಅಂದ್ರೆ ಕೆಲ್ಸ ನಿಲ್ಲಬೇಕು, ಮತ್ತೆ ಶುರು ಮಾಡೋಕೆ ಇವ್ರ ಸೈನ್ ಅಥವಾ ಹೆಬ್ಬೆಟ್ಟು ಬೇಕು, ನಿಲ್ಲಿಸಿದ್ದಕ್ಕೆ ಕೂಲಿ ಕಡಿತ ಇಲ್ಲ. ಕೊನೇದು ಮರೀಬೇಡಿ, ಅದಿಲ್ದೇ ಇದ್ರೆ ಯಾರೂ ನಿಲ್ಲಿಸಲ್ಲ.

ಪೀಣ್ಯ_ಸಾರ್ವೆ
ಮುಂದಿನ ಬುಧವಾರ, ರಾತ್ರಿ 10:15

ಏನಾಯ್ತು ಅಂತ ಹೇಳ್ಬೇಕಲ್ಲ. ಈ ಥ್ರೆಡ್ ಪ್ರಿಂಟ್ ತಗೊಂಡು ಸೈಟ್ ಸೇಫ್ಟಿ ಹೆಡ್ ಹತ್ರ ಹೋದೆ. ಮೊದ್ಲು ಒಪ್ಲಿಲ್ಲ, ಅರ್ಧ ಗಂಟೆ ಮಾತಾಡಿದ್ಮೇಲೆ ಗುಡ್ಡೆ ಹಾಕೋ ಪರೀಕ್ಷೆ ಒಂದ್ಸಲ ಮಾಡಿ ನೋಡೋಣ ಅಂದ್ರು. ಭಾನುವಾರ ಮಾಡಿದ್ವಿ, ಯಲಹಂಕದ ಅಣ್ಣನೇ ಬಂದ್ರು, ಅವ್ರಿಗೆ ಋಣಿ. ಅವ್ರು ಏಳು ಕೆಟ್ಟ ಸಾಮಾನು ಸೇರಿಸಿದ್ರು. ದೊಡ್ಡಣ್ಣ ಎಂಟು ಆರಿಸಿಟ್ರು. ಎಂಟನೇದು ಒಂದು ಕ್ಲಾಂಪು, ಚೆನ್ನಾಗೇ ಇದ್ಯಲ್ಲ ಅಂತ ಎಲ್ರೂ ತಿರುಗಿಸಿ ತಿರುಗಿಸಿ ನೋಡಿದ್ರು. ದೊಡ್ಡಣ್ಣ ಅದ್ರ ಮುಚ್ಚಳ ಹಿಂದಕ್ಕೆ ಮಡಚಿ ಕೀಲಿನ ಹತ್ರ ಉಗುರಲ್ಲಿ ಗೀರಿ ತೋರಿಸಿದ್ರು, ಕೂದಲೆಳೆಯಷ್ಟು ಬಿರುಕು. ಯಲಹಂಕದ ಅಣ್ಣ ಅದನ್ನ ತಮ್ಮ ಬ್ಯಾಗಿಗೆ ಹಾಕ್ಕೊಂಡು ಹೋದ್ರು, ಕ್ಲಾಸಲ್ಲಿ ತೋರಿಸ್ತೀನಿ ಅಂತ.

ಎರಡು ದಿನದ ಟ್ರೇನಿಂಗ್ ಕೂಲಿ ಸಮೇತ ಸೋಮವಾರ ಮಂಗಳವಾರ ಮುಗೀತು, ನಾವು ಹನ್ನೊಂದು ಜನ. ಗೊಂಬೆ ಬೀಳಿಸಿ ತೋರಿಸಿದ್ರು, ಸಿಂಧನೂರಿನ ಅಣ್ಣ ಹೇಳಿದ್ದಂಗೇ ಆಯ್ತು, ಕಾಲು ನೆಲಕ್ಕೆ ಬಡೀತು. ದೊಡ್ಡಣ್ಣ ಇನ್ನೊಂದ್ಸಲ ಮಾಡಿ ಅಂದ್ರು. ಎರಡನೇ ಸಲ ಹುಕ್ ತಾವೇ ತಲೆ ಮೇಲಿನ ಪೈಪಿಗೆ ಹಾಕಿದ್ರು, ಗೊಂಬೆ ಮೇಲೇ ನಿಂತ್ಕೊಂತು, ಅದನ್ನ ನೋಡ್ತಾ ಸುಮಾರು ಹೊತ್ತು ಸುಮ್ನೆ ನಿಂತಿದ್ರು. ಅವ್ರ ತಮ್ಮ ಇದೇ ಕೆಲ್ಸದಲ್ಲಿ ಬಿದ್ದು ಹೋದೋರು, ಬೆಲ್ಟ್ ಹಾಕ್ಕೊಂಡೇ ಇದ್ರಂತೆ. ಇಷ್ಟು ವರ್ಷದಲ್ಲಿ ನಂಗೆ ಈ ವಿಷಯ ಗೊತ್ತಿರ್ಲಿಲ್ಲ.

ಆರ್‌ಪಿಎಲ್ ಕ್ಯಾಂಪ್‌ಗೆ ಅರ್ಜಿ ಹಾಕಿದೀವಿ, ಬಾಯಿ ಮಾತಲ್ಲಿ ಕನ್ನಡದಲ್ಲಿ ಅಂತ ಬರೆದೇ ಹಾಕಿದೀವಿ. ಅದು ಬರೋವರೆಗೂ ದೊಡ್ಡಣ್ಣನಿಗೆ ಬಿ ಬ್ಲಾಕ್ ತಪಾಸಣೆ ಲೆಟರ್ ಕೊಟ್ಟಿದಾರೆ, ನಾಲ್ಕೂ ಸಾಲು ಇದೆ. ಈಗ ತಾನೇ ಫೋನ್ ಮಾಡಿದ್ರು, ಬಿ ಬ್ಲಾಕಿಗೆ ನಾಳೆ ಜಾಲಿ ಬರ್ತಿದೆಯಂತೆ, ಬೆಳಗ್ಗೆ ಏಳಕ್ಕೆ ಮುಂಚೆ ಬಾ, ಜಾಲಿ ಕಟ್ಟೋಕೆ ಬಿಡೋ ಮೊದ್ಲು ಟೈ ಎಣಿಸಬೇಕು ಅಂತ.